ತೆಳ್ಳನೆಯ ಫೋನು: ಒಂದು ಗುಣದೋಷ ವಿಚಾರ

ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದವನ್ನು ಪಾಠ ಹೇಳಿ ಮುಗಿಸಿದ ದಿನ ಮಧ್ಯಾಹ್ನ, ನಮ್ಮ ಕಾಲೇಜಿನ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ಆ ಪರಿಚ್ಛೇದ ದೋಷಾದೋಷಗಳ ನಿರ್ಣಯಕ್ಕೆ ಮೀಸಲಾದದ್ದು. ಅದನ್ನು ಕುರಿತೇ ಏನಾದರೂ ಸಂದೇಹವಿರಬೇಕೆಂದು ಭಾವಿಸಿ ಒಳಗೆ ಕರೆದೆ. ಅವಳ ಸಂದೇಹ ಕಾವ್ಯದ್ದಾಗಿರಲಿಲ್ಲ.

“ಸರ್, ಒಂದು ಮೊಬೈಲು ತಗೋಬೇಕು ಅಂತಿದ್ದೀನಿ. ನಿಮ್ಮ ಹತ್ರ ಇದೆಯಲ್ಲ, ಅಂಥ ತೆಳ್ಳನೆಯದು ಚೆನ್ನಾಗಿರುತ್ತಾ?” ಎಂದು ಕೇಳಿದಳು.

ನಾನು ನಕ್ಕು, “ಕೈಗೆ ಹಗುರ ನೋಡಮ್ಮ, ಚೆನ್ನಾಗಿಯೇ ಇದೆ” ಎಂದುಬಿಟ್ಟೆ. ಆಮೇಲೆ ವಿಚಾರಿಸಲಾಗಿ ತಿಳಿಯಿತು: ಎರಡು ಕೊಯ್ಲಿನ ಕಾಲದಲ್ಲಿ ರಾತ್ರಿ ಹೊತ್ತು ಅಡಕೆ ಸುಲಿದು ಕೂಡಿಸಿದ ಹಣ, ಅದಕ್ಕೆ ವಿದ್ಯಾರ್ಥಿವೇತನದಲ್ಲಿ ಉಳಿದದ್ದು ಸೇರಿ ಅವಳ ಬಳಿ 25,000 ರೂಪಾಯಿ ಆಗಿತ್ತು. ಮುಂದೆ ಎಂ.ಎ.ಗೆ ಸೇರುವ ಆಸೆ. ಗ್ರಂಥಾಲಯದಲ್ಲಿ ಸಿಕ್ಕದ ಹಳೆಯ ಪುಸ್ತಕಗಳನ್ನು ಫೋನಿನಲ್ಲಿಯೇ ಓದಬೇಕು. ಜೊತೆಗೆ ಇನ್ನೊಂದು ಕೆಲಸ. ಅವಳ ಅಜ್ಜಿಗೆ ನೂರಾರು ಸೋಬಾನೆ ಪದಗಳು ಬರುತ್ತವೆ. ಅಜ್ಜಿಗೆ ವಯಸ್ಸಾಗಿದೆ. ಅವನ್ನೆಲ್ಲ ಧ್ವನಿಮುದ್ರಿಸಿಟ್ಟುಕೊಳ್ಳಬೇಕು.

ಅವಳು ಹೋದ ಮೇಲೆ ನನಗೆ ನಾಚಿಕೆಯಾಯಿತು. ಒಂದು ಗಂಟೆಯ ಕಾಲ ತರಗತಿಯಲ್ಲಿ ಗುಣವೆಂದರೇನು, ದೋಷವೆಂದರೇನು, ಒಂದೆಡೆ ದೋಷವೆನಿಸಿದ್ದು ಇನ್ನೊಂದೆಡೆ ಹೇಗೆ ದೋಷವಲ್ಲದೆ ಹೋಗುತ್ತದೆ ಎಂದೆಲ್ಲ ವಿಸ್ತರಿಸಿ ಹೇಳಿದವನು, ಎರಡು ಚಳಿಗಾಲದ ನಿದ್ದೆಯನ್ನು ಮಾರಿ ಕೂಡಿಸಿದ ಹಣದ ವಿಷಯದಲ್ಲಿ ಒಂದೇ ಮಾತಿನ ತೀರ್ಪು ಕೊಟ್ಟಿದ್ದೆ. ಆ ತೀರ್ಪನ್ನು ತಿದ್ದಿ ಬರೆಯುವ ಪ್ರಯತ್ನವೇ ಈ ಲೇಖನ. ಇಂಥ ಪ್ರಶ್ನೆ ಅವಳೊಬ್ಬಳದೇ ಅಲ್ಲವಾದುದರಿಂದ ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಮೊದಲು ವಿಷಯವನ್ನು ಖಚಿತಪಡಿಸಿಕೊಳ್ಳೋಣ. ನಾನು ಹೇಳುತ್ತಿರುವುದು ಇಪ್ಪತ್ತು ಮೂವತ್ತು ಸಾವಿರ ರೂಪಾಯಿಗಳ ನಡುವೆ ದೊರೆಯುವ, ಬಡವರದೂ ಅಲ್ಲದ ಧನಿಕರದೂ ಅಲ್ಲದ, ಮೈ ತೆಳುವಾಗಿರುವ ಫೋನುಗಳ ಮಾತು. ನನ್ನ ಫೋನಿನ ಹೆಸರು ಇಲ್ಲಿ ಬೇಡ. ಮೂರು ವರ್ಷ ಜೊತೆಗಿದ್ದುದರ ಚಾಡಿಯನ್ನು ಹೆಸರು ಹಿಡಿದು ಹೇಳುವುದು ಸೌಜನ್ಯವಲ್ಲ. ಆದರೆ ಆ ಜಾತಿಯ ಲಕ್ಷಣಗಳನ್ನು ತಿಳಿಯಲು ಎರಡು ಉದಾಹರಣೆಗಳು ಸಾಕು. 2021ರ ಸೆಪ್ಟೆಂಬರಿನಲ್ಲಿ ನಮ್ಮ ದೇಶಕ್ಕೆ ಬಂದ ಶಿಯೋಮಿ 11 ಲೈಟ್ ಎನ್ಇ 6.81 ಮಿಲಿಮೀಟರ್ ದಪ್ಪ, 158 ಗ್ರಾಂ ತೂಕದ್ದು. ಆಗಿನ ಆರಂಭದ ಬೆಲೆ 26,999 ರೂಪಾಯಿ. 2022ರ ಮೇ ತಿಂಗಳಲ್ಲಿ ಬಂದ ಮೊಟೊರೋಲಾ ಎಡ್ಜ್ 30ರ ದಪ್ಪ 6.79 ಮಿಲಿಮೀಟರ್, ತೂಕ 155 ಗ್ರಾಂ. ಬೆಲೆ 27,999 ರೂಪಾಯಿಯಿಂದ ಮೊದಲಾಗಿತ್ತು. ಅದೇ ಬೆಲೆಯ ಇತರ ಫೋನುಗಳು ಸಾಮಾನ್ಯವಾಗಿ ಎಂಟು, ಎಂಟೂವರೆ ಮಿಲಿಮೀಟರ್ ದಪ್ಪವೂ 190ರಿಂದ 200 ಗ್ರಾಂ ತೂಕವೂ ಇದ್ದವು. ವ್ಯತ್ಯಾಸ ಒಂದೂವರೆ ಮಿಲಿಮೀಟರು, ನಲವತ್ತು ಗ್ರಾಮು. ಇಷ್ಟರಲ್ಲಿ ಏನು ಬಂತು, ಏನು ಹೋಯಿತು ಎಂಬುದೇ ಪ್ರಶ್ನೆ.

ತೆಳುವಿನ ಮೋಹ ಹಳೆಯದು. 2003ರಲ್ಲಿ ಬಂದು ನಮ್ಮ ಹಳ್ಳಿಹಳ್ಳಿಗಳಲ್ಲಿ ಮನೆಮಾತಾದ ನೋಕಿಯಾ 1100 ನೆನಪಿರುವವರು ಈಗಲೂ ಇದ್ದಾರೆ. ತಲೆಯಲ್ಲೊಂದು ಟಾರ್ಚು, ತೂಕ 86 ಗ್ರಾಂ. ಆದರೆ ದಪ್ಪ ಮಾತ್ರ ಎರಡು ಸೆಂಟಿಮೀಟರು! ಕಿಸೆಯಲ್ಲಿ ನೆಲ್ಲಿಕಾಯಿ ಇಟ್ಟುಕೊಂಡ ಹಾಗೆ ಉಬ್ಬಿ ಕಾಣುತ್ತಿತ್ತು. ಹನ್ನೊಂದು ವರ್ಷ ಕಳೆಯುವುದರೊಳಗೆ ಕಾಲ ಎಷ್ಟು ಬದಲಾಯಿತೆಂದರೆ 2014ರಲ್ಲಿ ಒಪ್ಪೋ ಆರ್5 ಎಂಬ ಫೋನು 4.85 ಮಿಲಿಮೀಟರಿಗೆ ಇಳಿಯಿತು. ಆ ಮೈಯೊಳಗೆ ಹಿಡಿಸಿದ ಬ್ಯಾಟರಿ 2,000 ಎಂ.ಎ.ಎಚ್. ಮಾತ್ರ, ಹೆಡ್‌ಫೋನು ಸಿಕ್ಕಿಸುವ ತೂತಿಗೂ ಅಲ್ಲಿ ಜಾಗವಿರಲಿಲ್ಲ. ಅದೇ ವರ್ಷ ಬಂದ ಐಫೋನ್ 6 ಪ್ಲಸ್ ಕೆಲವರ ಕಿಸೆಗಳಲ್ಲಿ ಬಾಗಿತೆಂಬ ಸುದ್ದಿ ಲೋಕವೆಲ್ಲ ಹಬ್ಬಿತು. ಆಮೇಲೆ ಕೆಲವು ವರ್ಷ ತಯಾರಕರು ಬ್ಯಾಟರಿಯನ್ನು ದೊಡ್ಡದು ಮಾಡುವ ಕಡೆಗೆ ತಿರುಗಿದರು; ಫೋನುಗಳು ಮತ್ತೆ ದಪ್ಪವಾದವು. ಈಗ ಪುನಃ ತೆಳುವಿನ ಸುಗ್ಗಿ. ಹೀಗೆ ಇದು ಉಯ್ಯಾಲೆಯಂತೆ ಅತ್ತಿಂದಿತ್ತ ತೂಗುತ್ತಲೇ ಬಂದಿದೆ.

ಇನ್ನು ಗುಣಪಕ್ಷವನ್ನು ನೋಡೋಣ.

ಮೊದಲನೆಯ ಗುಣ ಹಗುರ. ಇದನ್ನು ಅಂಗಡಿಯಲ್ಲಿ ಐದು ನಿಮಿಷ ಹಿಡಿದು ನೋಡಿದವರು ಅರಿಯಲಾರರು. ನನ್ನಂತೆ ರಾತ್ರಿ ಊಟವಾದ ಮೇಲೆ ಒಂದೂವರೆ ಗಂಟೆ ಗೋಡೆಗೊರಗಿ ಓದುವವನಿಗೆ ಅದರ ಬೆಲೆ ಗೊತ್ತು. ನಮ್ಮ ಕೈ ಫೋನನ್ನು ಹಿಡಿಯುವ ರೀತಿ ವಿಲಕ್ಷಣವಾದದ್ದು: ಮೂರು ಬೆರಳು ಬೆನ್ನಿಗೆ, ಕಿರುಬೆರಳು ಬುಡಕ್ಕೆ, ಹೆಬ್ಬೆರಳು ಪರದೆಯ ಮೇಲೆ. ಭಾರವೆಲ್ಲ ಕಿರುಬೆರಳಿಗೂ ಮಣಿಕಟ್ಟಿಗೂ ಬೀಳುತ್ತದೆ. ನನ್ನ ಹಿಂದಿನ ಫೋನು 200 ಗ್ರಾಂ ಮೀರಿತ್ತು. ಉತ್ತರಪತ್ರಿಕೆಗಳ ಮೌಲ್ಯಮಾಪನ ಮಾಡಿ ದಣಿದ ಕೈಗೆ ಅದನ್ನು ಎತ್ತಿ ಹಿಡಿಯುವುದು ಒಂದು ಶಿಕ್ಷೆಯಾಗಿತ್ತು. ನಲವತ್ತು ಗ್ರಾಂ ಇಳಿದುದರಿಂದ ಮಣಿಕಟ್ಟಿನ ನೋವು ಇಳಿಯಿತೆಂದರೆ ಅತಿಶಯೋಕ್ತಿಯಲ್ಲ.

ಎರಡನೆಯದು ಪರದೆ. ತೆಳುವಾದ ಫೋನುಗಳಲ್ಲಿ ಸಾಮಾನ್ಯವಾಗಿ ಓಎಲ್‌ಇಡಿ ಪರದೆ ಇರುತ್ತದೆ. ಹಳೆಯ ಎಲ್‌ಸಿಡಿ ಪರದೆಗೆ ಹಿಂದಿನಿಂದ ಬೆಳಕು ಬಿಡುವ ಒಂದು ಪದರ ಬೇಕು. ಓಎಲ್‌ಇಡಿಯಲ್ಲಿ ಪ್ರತಿಯೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಆದುದರಿಂದ ಆ ಪದರವೇ ಬೇಕಾಗಿಲ್ಲ. ಕಪ್ಪು ಬಣ್ಣವೆಂದರೆ ಅಲ್ಲಿ ಚುಕ್ಕೆ ಆರಿಹೋಗಿರುವುದು; ಕಪ್ಪು ಹಾಳೆಯ ಮೇಲೆ ಬಿಳಿಯ ಅಕ್ಷರಗಳನ್ನು ಇಟ್ಟುಕೊಂಡು ಓದಿದರೆ ವಿದ್ಯುತ್ತೂ ಉಳಿಯುತ್ತದೆ. ಮೇಲೆ ಹೇಳಿದ ಎರಡು ಫೋನುಗಳ ಪರದೆಗಳಲ್ಲಿ ಒಂದು ಅಂಗುಲದ ಉದ್ದಕ್ಕೆ ಸುಮಾರು 400 ಚುಕ್ಕೆಗಳಿವೆ.

ಈ ಸಂಖ್ಯೆ ಇಂಗ್ಲಿಷ್ ಓದುಗನಿಗಿಂತ ಕನ್ನಡದ ಓದುಗನಿಗೆ ಹೆಚ್ಚು ಮುಖ್ಯ. ನಮ್ಮ ಲಿಪಿ ಅಡ್ಡಕ್ಕೆ ಹರಿಯುವುದಲ್ಲದೆ ಕೆಳಕ್ಕೂ ಇಳಿಯುತ್ತದೆ. ‘ರಾಷ್ಟ್ರೀಯ’ ಎಂಬ ಒಂದು ಪದವನ್ನು ತೆಗೆದುಕೊಳ್ಳಿ: ಷಕಾರದ ಅಡಿಯಲ್ಲಿ ಟಕಾರ, ಅದರ ಪಕ್ಕದಲ್ಲಿ ರಕಾರದ ಸುಳಿ, ಮೇಲೆ ಗುಡಿಸು, ಅದರ ಮುಂದೆ ದೀರ್ಘ. ಚುಕ್ಕೆಗಳು ವಿರಳವಾದ ಪರದೆಯಲ್ಲಿ ಇವೆಲ್ಲ ಕಲಸಿ ಮಸಿಯ ಕಲೆಯಾಗುತ್ತವೆ. ಹಳಗನ್ನಡ ಪಠ್ಯಗಳಲ್ಲಂತೂ ಒತ್ತಕ್ಷರವೊಂದು ತಪ್ಪಿದರೆ ಅರ್ಥವೇ ತಪ್ಪುತ್ತದೆ. ಚಾಳೀಸು ಬಂದ ನನ್ನ ಕಣ್ಣಿಗೆ ಈ ಸ್ಫುಟತೆ ದೊಡ್ಡ ಉಪಕಾರ. ಆದರೆ ನ್ಯಾಯವಾಗಿ ಹೇಳಬೇಕಾದರೆ ಇದು ತೆಳುವಿನ ಸ್ವಂತ ಗುಣವಲ್ಲ. ತೆಳುವಿನ ಜೊತೆಗೆ ಬರುವ ಗುಣ. ಇಂದು ಅದಕ್ಕಿಂತ ಕಡಿಮೆ ಬೆಲೆಯ ದಪ್ಪ ಫೋನುಗಳಲ್ಲಿಯೂ ಇಂಥ ಪರದೆ ದೊರೆಯುತ್ತದೆ. ಗುಣವೊಂದನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬುದರಲ್ಲಿ ವಿಮರ್ಶಕ ಎಚ್ಚರ ತಪ್ಪಬಾರದು.

ಮೂರನೆಯದು ಚೆಲುವು. ಇದನ್ನು ಮರೆಮಾಚುವುದು ಆತ್ಮವಂಚನೆ. ತೆಳ್ಳಗೆ ನುಣ್ಣಗೆ ಇರುವ ವಸ್ತುವನ್ನು ಕೈಯಲ್ಲಿ ಹಿಡಿದಾಗ ಒಂದು ಸಂತೋಷವಿದೆ. ಒಳ್ಳೆಯ ಪೆನ್ನು, ಹದವಾಗಿ ರಟ್ಟು ಕಟ್ಟಿದ ಪುಸ್ತಕ, ಹೊಸ ಮಲ್ಲು ಪಂಚೆ ಇವುಗಳನ್ನು ಮುಟ್ಟಿದಾಗ ಆಗುವಂಥದೇ ಸಂತೋಷ. ಅದನ್ನು ಬಯಸುವುದು ತಪ್ಪಲ್ಲ. ಆದರೆ ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಫೋನಿನಲ್ಲಿ ಯಾವುದು ಊಟ, ಯಾವುದು ನೋಟ ಎಂಬುದನ್ನು ಕೊಳ್ಳುವ ಮುಂಚೆಯೇ ವಿಂಗಡಿಸಿಕೊಳ್ಳಬೇಕು.

ಈ ಚೆಲುವಿನ ವಿಷಯದಲ್ಲಿ ನಾನೇ ಹಾಸ್ಯಾಸ್ಪದನಾದ ಪ್ರಸಂಗವೊಂದುಂಟು. ವಿದ್ಯಾರ್ಥಿನಿಗೆ ಸರಿಯಾದ ಉತ್ತರ ಕೊಡಬೇಕೆಂಬ ಹಟದಿಂದ ಅಂದು ಸಂಜೆ ನಮ್ಮ ಬೀದಿಯ ದಿನಸಿ ಅಂಗಡಿಗೆ ಹೋಗಿ, ಜೀರಿಗೆ ಏಲಕ್ಕಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನನ್ನ ಫೋನನ್ನು ಇಟ್ಟೆ. 192 ಗ್ರಾಂ ತೋರಿಸಿತು! ಅಂಗಡಿಯವರು, “ಮೇಷ್ಟ್ರೇ, ಅಂಗಿ ಬಿಚ್ಚಿ ತೂಗಿ” ಎಂದರು. ಅದಕ್ಕೆ ತೊಡಿಸಿದ್ದ ರಬ್ಬರಿನ ಕವರನ್ನು ಕಳಚಿ, ಪರದೆಯ ಮೇಲಿನ ಕಾವಲು ಗಾಜನ್ನೂ ಲೆಕ್ಕದಿಂದ ಕಳೆದು ನೋಡಿದರೆ 158ಕ್ಕೆ ಇಳಿಯಿತು. ಎಂದರೆ, ಹಗುರವಾಗಿದೆಯೆಂದು ಕೊಂಡ ಫೋನಿಗೆ, ಒಡೆದೀತೆಂಬ ಹೆದರಿಕೆಯಿಂದ, ಉಳಿಸಿದ ಭಾರವನ್ನೆಲ್ಲ ನಾನೇ ಮರಳಿ ಹೊರಿಸಿದ್ದೆ! ದಪ್ಪವೂ ಹಾಗೆಯೇ: ಕವರು ಸೇರಿ ಒಂಬತ್ತು ಮಿಲಿಮೀಟರಿನ ಮೇಲಾಗಿತ್ತು.

ಆಗ ನನಗೆ ಓಲೆಗರಿಯ ಕಟ್ಟುಗಳು ನೆನಪಾದವು. ಗರಿಗಿಂತ ತೆಳುವಾದ ಹಾಳೆ ಆ ಕಾಲದಲ್ಲಿ ನಮ್ಮ ಲಿಪಿಕಾರರಿಗೆ ಬೇಕಾಗಿರಲಿಲ್ಲ. ಕಂಠದಿಂದ ಕೊರೆದು ಬರೆಯಲು ಅದು ಸಾಕಾಗಿತ್ತು. ಆದರೆ ಗರಿಯನ್ನು ಹಾಗೆಯೇ ಬಿಟ್ಟರೆ ಸೀಳಿಹೋಗುತ್ತದೆಂದು ಮೇಲೊಂದು ಕೆಳಗೊಂದು ಮರದ ಹಲಗೆ ಇಟ್ಟು ದಾರದಿಂದ ಬಿಗಿಯುತ್ತಿದ್ದರು. ಅವರಿಗೆ ತೆಳುವಿನ ಸ್ವಭಾವ ಗೊತ್ತಿತ್ತು. ತೆಳುವಾದುದು ತನ್ನ ರಕ್ಷಣೆಯ ಭಾರವನ್ನು ಹೊರಗಿನಿಂದ ಕೇಳುತ್ತದೆ. ನಾವು ಅದನ್ನು ತಿಳಿದೂ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹಲಗೆಯಿಲ್ಲದ ಗರಿಯನ್ನು ಕಂಡು ಮೋಹಗೊಳ್ಳುತ್ತೇವೆ.

ಇನ್ನು ದೋಷಪಕ್ಷ. ಇಲ್ಲಿ ಮೊದಲನೆಯದೂ ಮುಖ್ಯವಾದದ್ದೂ ಬ್ಯಾಟರಿ.

ಬ್ಯಾಟರಿ ಎಷ್ಟು ವಿದ್ಯುತ್ತನ್ನು ಹಿಡಿಯುತ್ತದೆಂಬುದನ್ನು ಎಂ.ಎ.ಎಚ್. ಎಂಬ ಮಾನದಲ್ಲಿ ಹೇಳುತ್ತಾರೆ. ಕೊಡಕ್ಕೆ ಲೀಟರು ಇದ್ದ ಹಾಗೆ ಇದು. ಎಡ್ಜ್ 30ರಲ್ಲಿ ಇದ್ದದ್ದು 4,020. ಆಗಿನ ಆ ಬೆಲೆಯ ದಪ್ಪ ಫೋನುಗಳಲ್ಲಿ ಬಹುಮಟ್ಟಿಗೆ ರೂಢಿಯಲ್ಲಿದ್ದುದು 5,000. ದಪ್ಪ ಐದರಲ್ಲಿ ಒಂದು ಪಾಲು ಕಡಿಮೆಯಾದಾಗ ವಿದ್ಯುತ್ತೂ ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಇದರಲ್ಲಿ ಮೋಸವೇನೂ ಇಲ್ಲ. ಹಾಸಿಗೆ ಎಷ್ಟಿದೆಯೋ ಅಷ್ಟೇ ಕಾಲು ಚಾಚಬೇಕು. ಮೈ ಸಣ್ಣದಾದರೆ ಹೊಟ್ಟೆಯೂ ಸಣ್ಣದಾಗಲೇಬೇಕು.

ಆದರೆ ಕೊಳ್ಳುವ ದಿನ ಯಾರೂ ಮಾಡದ ಇನ್ನೊಂದು ಲೆಕ್ಕವಿದೆ. ಲಿಥಿಯಂ ಅಯಾನ್ ಬ್ಯಾಟರಿ ಬಳಸಿದಂತೆಲ್ಲ ಸವೆಯುತ್ತದೆ. ಪೂರ್ತಿ ತುಂಬಿ ಪೂರ್ತಿ ಬರಿದಾಗುವುದನ್ನು ಒಂದು ಸುತ್ತು ಎಂದರೆ, ಸುಮಾರು 500ರಿಂದ 800 ಸುತ್ತುಗಳಲ್ಲಿ ಅದರ ಸಾಮರ್ಥ್ಯ ನೂರಕ್ಕೆ ಎಂಬತ್ತರಷ್ಟಕ್ಕೆ ಇಳಿಯುವುದು ಸಾಮಾನ್ಯ. ದಿನಕ್ಕೊಂದು ಸುತ್ತೆಂದರೆ ಇದು ಎರಡು ವರ್ಷದ ಮಾತು. 5,000ದ ಬ್ಯಾಟರಿ ಆಗ 4,000ಕ್ಕೆ ಬರುತ್ತದೆ, 4,020ರದು 3,216ಕ್ಕೆ. ಎಂದರೆ, ದಪ್ಪ ಫೋನು ಎರಡು ವರ್ಷ ದುಡಿದು ಹಳತಾದ ಮೇಲೆ ಯಾವ ಸ್ಥಿತಿಯಲ್ಲಿರುತ್ತದೆಯೋ ಆ ಸ್ಥಿತಿಯಲ್ಲಿ ತೆಳ್ಳನೆಯ ಫೋನು ಹುಟ್ಟುತ್ತದೆ! ಮೇಲಾಗಿ, ಸಣ್ಣ ಕೊಡ ಬೇಗ ಬರಿದಾಗುವುದರಿಂದ ಅದನ್ನು ಹೆಚ್ಚು ಸಲ ತುಂಬಬೇಕು. ಹೆಚ್ಚು ಸಲ ತುಂಬಿದಂತೆ ಅದು ಹೆಚ್ಚು ಬೇಗ ಸವೆಯುತ್ತದೆ. ನೋಕಿಯಾ 1100ರ ಬ್ಯಾಟರಿ ಸೋತರೆ ಬೆನ್ನು ತೆಗೆದು ಹೊಸದು ಹಾಕುತ್ತಿದ್ದೆವು. ಈಗಿನ ಫೋನಿನ ಬೆನ್ನು ಅಂಟು ಹಾಕಿ ಮುಚ್ಚಿದ್ದು. ಬ್ಯಾಟರಿ ಬದಲಿಸಲು ದುರಸ್ತಿಯವನ ಬಳಿಗೇ ಹೋಗಬೇಕು.

ಈ ಲೆಕ್ಕವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕಳೆದ ವರ್ಷದ ಆಷಾಢದಲ್ಲಿ ಜಿಲ್ಲಾಕೇಂದ್ರದಲ್ಲಿ ಒಂದು ವಿಚಾರಸಂಕಿರಣ ಮುಗಿಸಿಕೊಂಡು ರಾತ್ರಿಯ ಬಸ್ಸಿನಲ್ಲಿ ಬರುತ್ತಿದ್ದೆ. ದಿನವೆಲ್ಲ ಪ್ರಬಂಧಗಳ ಚಿತ್ರ ತೆಗೆದಿದ್ದೆ, ನಡುವೆ ಓದಿದ್ದೆ. ಘಟ್ಟದ ಹಾದಿಯಲ್ಲಿ ಸಂಕೇತ ಸಿಕ್ಕದೆ ಫೋನು ಗೋಪುರಗಳನ್ನು ಹುಡುಕಿ ಹುಡುಕಿ ಇನ್ನಷ್ಟು ಸೋತಿತ್ತು. ಎಂಟು ಗಂಟೆಗೆ ಆರಿತು. ಮಳೆಗೆ ಮರ ಬಿದ್ದು ಬಸ್ಸು ಎರಡು ಗಂಟೆ ನಿಂತಿತು. ಮನೆಗೆ ಬಂದು ಚಾರ್ಜಿಗೆ ಹಾಕಿದಾಗ ಹನ್ನೆರಡು ಹೊಡೆದಿತ್ತು. ಪಕ್ಕದ ಮನೆಯವರ ಹತ್ತಾರು ಕರೆಗಳು ಬಂದು ಹೋಗಿದ್ದವು. ಊರಿನಲ್ಲಿ ಒಬ್ಬರೇ ಇರುವ ನನ್ನ ತಾಯಿ ಏಳೂವರೆಗೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ನೆರೆಯವರೇ ಜೀಪು ಮಾಡಿ ಆಸ್ಪತ್ರೆಗೆ ಸೇರಿಸಿದ್ದರು. ದೇವರ ದಯದಿಂದ ಮೂಳೆ ಮುರಿದಿರಲಿಲ್ಲ. ಬೆಳಗ್ಗೆ ಹೋದಾಗ ಅಮ್ಮ, “ಫೋನು ಹತ್ತಲೇ ಇಲ್ಲ ಕಣೋ, ನಿನಗೇ ಏನಾಯ್ತೋ ಅಂತ ರಾತ್ರಿಯೆಲ್ಲ ಹೆದರಿದ್ದೆ” ಎಂದರು. ಬಿದ್ದವರು ಅವರು, ಹೆದರಿದ್ದು ನನಗಾಗಿ. ನಾನು ಕಿಸೆಯಲ್ಲಿದ್ದ ಆ ಚೆಲುವಾದ ವಸ್ತುವನ್ನು ಮುಟ್ಟಿ ನೋಡಿಕೊಂಡು ಸುಮ್ಮನಾದೆ. ತಪ್ಪು ಅದರದೆನ್ನಲಾರೆ. ಅದರ ಶಕ್ತಿ ಎಷ್ಟೆಂದು ತಿಳಿಯದೆ ಕೊಂಡವನು ನಾನು. ಅಂದಿನಿಂದ ಚೀಲದಲ್ಲಿ ಒಂದು ಪವರ್ ಬ್ಯಾಂಕು ಇಟ್ಟುಕೊಳ್ಳುತ್ತಿದ್ದೇನೆ. ಅದರ ತೂಕ 220 ಗ್ರಾಂ. ಹಗುರದ ಕಥೆ ಇಲ್ಲಿಗೆ ಬಂದು ನಿಂತಿತು.

ಎರಡನೆಯ ದೋಷ ಕಾವು. ಫೋನಿನೊಳಗಿನ ಪ್ರೊಸೆಸರು ದುಡಿಯುವಾಗ ಶಾಖ ಹುಟ್ಟುತ್ತದೆ. ದಪ್ಪ ಮೈಯಲ್ಲಿ ಆ ಶಾಖವನ್ನು ಹೀರಿಕೊಳ್ಳುವ ಲೋಹಕ್ಕೂ ಅದನ್ನು ಹರಡುವ ಸಾಧನಗಳಿಗೂ ಜಾಗವುಂಟು. ತೆಳ್ಳನೆಯದರಲ್ಲಿ ಅದು ಬೇಗ ಬೆನ್ನಿಗೆ, ಬೆನ್ನಿನಿಂದ ಅಂಗೈಗೆ ಬರುತ್ತದೆ. ಕಾವು ಮಿತಿ ಮೀರಿದಾಗ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಿಸಿಲಿನಲ್ಲಿ ಉತ್ತವನು ಮರದ ನೆರಳಿಗೆ ಸರಿದು ಕೂತ ಹಾಗೆ. ಓದುವವನಿಗೂ ಮಾತನಾಡುವವನಿಗೂ ಇದರಿಂದ ಬಾಧೆಯಿಲ್ಲ. ಏಪ್ರಿಲ್ ತಿಂಗಳಲ್ಲಿ ಒಂದು ಗಂಟೆ ಕಾಲ ವೀಡಿಯೊ ತೆಗೆಯುವವನಿಗೆ, ಆಟವಾಡುವ ಹುಡುಗರಿಗೆ ಇದು ತಿಳಿಯುತ್ತದೆ.

ಮೂರನೆಯದು ಬಿಗುವು. ಒಂದು ಹಲಗೆ ಬಾಗದೆ ನಿಲ್ಲುವ ಶಕ್ತಿ ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆಂದು ಭೌತಶಾಸ್ತ್ರದ ಸಹೋದ್ಯೋಗಿಗಳು ವಿವರಿಸಿದರು. ಅದೇ ವಸ್ತು, ಅದೇ ಅಗಲ, ದಪ್ಪ 8.5ರಿಂದ 6.8ಕ್ಕೆ, ಎಂದರೆ ಐದರಲ್ಲಿ ಒಂದು ಪಾಲು ಇಳಿದರೆ, ಬಿಗುವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ತಯಾರಕರು ಗಟ್ಟಿ ಲೋಹದ ಚೌಕಟ್ಟಿನಿಂದ, ಒಳಗಿನ ಏರ್ಪಾಟಿನಿಂದ ಈ ನಷ್ಟವನ್ನು ಸಾಕಷ್ಟು ತುಂಬಿಕೊಳ್ಳುತ್ತಾರೆ, ನಿಜ. ಆದರೂ ಹಿಂದಿನ ಕಿಸೆಯಲ್ಲಿ ಇಟ್ಟುಕೊಂಡು ಬಸ್ಸಿನ ಸೀಟಿನ ಮೇಲೆ ದೊಪ್ಪನೆ ಕೂರುವ ಅಭ್ಯಾಸವುಳ್ಳವರು ಜ್ಞಾಪಕದಲ್ಲಿಡಬೇಕಾದ ಲೆಕ್ಕವಿದು.

ನಾಲ್ಕನೆಯದು ಕ್ಯಾಮೆರಾ. ಬೆಳಕನ್ನು ಹಿಡಿಯುವ ಫಲಕ ದೊಡ್ಡದಾದಷ್ಟೂ ಮಸೂರಕ್ಕೂ ಅದಕ್ಕೂ ನಡುವೆ ಹೆಚ್ಚು ಅಂತರ ಬೇಕು. ಆ ಅಂತರವನ್ನು ತೆಳ್ಳನೆಯ ಮೈ ಕೊಡಲಾರದು. ಆಗ ಇರುವುದು ಎರಡೇ ದಾರಿ: ಒಂದೋ ಸಣ್ಣ ಫಲಕಕ್ಕೆ ತೃಪ್ತಿಪಡಬೇಕು, ಇಲ್ಲವೆ ಕ್ಯಾಮೆರಾವನ್ನು ಬೆನ್ನಿನಿಂದ ಗೂನಿನಂತೆ ಹೊರಕ್ಕೆ ಚಾಚಬೇಕು. ಜಾಹೀರಾತಿನಲ್ಲಿ ಹೇಳುವ ದಪ್ಪದ ಅಳತೆಯಲ್ಲಿ ಈ ಗೂನು ಸೇರಿರುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕೈ ನಡುಗಿದರೂ ಚಿತ್ರ ಕದಡದಂತೆ ಮಸೂರವನ್ನು ಸ್ಥಿರವಾಗಿಡುವ ಏರ್ಪಾಟೊಂದುಂಟು. ಅದು ಎಡ್ಜ್ 30ರ ಮುಖ್ಯ ಕ್ಯಾಮೆರಾದಲ್ಲಿತ್ತು, 11 ಲೈಟ್ ಎನ್ಇಯಲ್ಲಿ ಇರಲಿಲ್ಲ. ಆದುದರಿಂದ ತೆಳುವಾದವೆಲ್ಲ ಒಂದೇ ಎಂದು ತೀರ್ಮಾನಿಸುವುದೂ ತಪ್ಪು.

ಇನ್ನುಳಿದವು ಸಣ್ಣ ದೋಷಗಳು. ಆದರೆ ನನ್ನ ವಿದ್ಯಾರ್ಥಿನಿಯ ಪಾಲಿಗೆ ಸಣ್ಣವಲ್ಲ. ಈ ಎರಡು ಫೋನುಗಳಲ್ಲಿಯೂ ಹೆಡ್‌ಫೋನಿನ ಹಳೆಯ ತೂತಿಲ್ಲ. ಚಾರ್ಜಿನ ಬಾಯಿಯಿಂದಲೇ ಮೈಕನ್ನೂ ಸೇರಿಸಬೇಕು. ಹಾಗೆ ಸೇರಿಸಿದಾಗ ಸಾಮಾನ್ಯ ತಂತಿಯಿಂದ ಜೊತೆಯಲ್ಲಿಯೇ ಚಾರ್ಜು ಮಾಡಲಾಗುವುದಿಲ್ಲ. ಎಡ್ಜ್ 30ರಲ್ಲಿ ಮೆಮೊರಿ ಕಾರ್ಡಿಗೂ ಸ್ಥಳವಿಲ್ಲ. ಧ್ವನಿಮುದ್ರಣಗಳನ್ನು ಕೂಡಿಟ್ಟುಕೊಳ್ಳುವವರಿಗೆ ಅದು ಬೇಕಾಗುತ್ತದೆ. ತೆಳುವಿಗೆ ನೇರವಾಗಿ ಸಂಬಂಧಿಸದಿದ್ದರೂ ಹೇಳಲೇಬೇಕಾದ ಇನ್ನೊಂದು ಮಾತು ಆಯುಷ್ಯದ್ದು. ಎಡ್ಜ್ 30ಕ್ಕೆ ತಯಾರಕರು ವಾಗ್ದಾನ ಮಾಡಿದ್ದು ಮೂರು ವರ್ಷಗಳ ಸುರಕ್ಷತಾ ಪರಿಷ್ಕರಣಗಳನ್ನು. 2025ರ ಮಾರ್ಚಿನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ56ಕ್ಕೆ ಆರು ವರ್ಷಗಳ ವಾಗ್ದಾನವಿದೆ. ಬ್ಯಾಂಕಿನ ಹಣವನ್ನೂ ಫೋನಿನಲ್ಲಿಯೇ ಇಟ್ಟುಕೊಂಡಿರುವ ಈ ಕಾಲದಲ್ಲಿ, ಮನೆಯ ಬೀಗ ಎಷ್ಟು ವರ್ಷ ಗಟ್ಟಿಯಾಗಿರುತ್ತದೆಂದು ಕೇಳದೆ ಮನೆ ಕೊಂಡವರುಂಟೆ?

ದೋಷಗಳನ್ನು ಇಷ್ಟು ವಿಸ್ತಾರವಾಗಿ ಹೇಳಿದ ಮೇಲೆ, ಅವು ವಿಧಿಲಿಖಿತವೆಂಬ ಭಾವನೆ ಬರಬಾರದು. ವಿಜ್ಞಾನ ಸುಮ್ಮನೆ ಕೂತಿಲ್ಲ. ಬ್ಯಾಟರಿಯ ಒಂದು ಧ್ರುವದಲ್ಲಿ ಬಹುಕಾಲದಿಂದ ಗ್ರಾಫೈಟನ್ನು ಬಳಸುತ್ತಿದ್ದರು. ಅದೇ ತೂಕದ ಸಿಲಿಕಾನು ಗ್ರಾಫೈಟಿಗಿಂತ ಸುಮಾರು ಹತ್ತರಷ್ಟು ಲಿಥಿಯಮನ್ನು ಹಿಡಿಯಬಲ್ಲುದು. ಆದರೆ ಹಿಡಿದಾಗ ಮೂರು ಪಟ್ಟು ಉಬ್ಬಿ, ಮತ್ತೆ ಕುಗ್ಗಿ, ಬಿರುಕು ಬಿಡುತ್ತದೆ. ಸಿಲಿಕಾನನ್ನು ಇಂಗಾಲದೊಡನೆ ಬೆರೆಸಿ ಈ ಉಬ್ಬರವನ್ನು ತಡೆಯುವ ಬ್ಯಾಟರಿಯನ್ನು 2023ರ ಮಾರ್ಚಿನಲ್ಲಿ ಚೀನಾದ ಆನರ್ ಸಂಸ್ಥೆ ಮೊದಲಿಗೆ ಫೋನಿನೊಳಗೆ ತಂದಿತು. ಅಲ್ಲಿಂದೀಚೆಗೆ ಅದೇ ಗಾತ್ರದಲ್ಲಿ ಹೆಚ್ಚು ವಿದ್ಯುತ್ತನ್ನು ಹಿಡಿಯುವ ಫೋನುಗಳು ಬರುತ್ತಿವೆ. 2025ರ ಸೆಪ್ಟೆಂಬರಿನಲ್ಲಿ 19,999 ರೂಪಾಯಿಗೆ ಬಂದ ಟೆಕ್ನೋ ಪೋವಾ ಸ್ಲಿಮ್ 5.95 ಮಿಲಿಮೀಟರ್ ಮೈಯಲ್ಲಿ 5,160 ಎಂ.ಎ.ಎಚ್. ಹಿಡಿದಿದೆ, ಅಲ್ಲಿ ಪ್ರೊಸೆಸರು ಸಾಧಾರಣ ದರ್ಜೆಯದು. ಅದೇ ವರ್ಷ ಲಕ್ಷ ರೂಪಾಯಿ ಮೀರಿದ ಬೆಲೆಗೆ ಬಂದ ಸ್ಯಾಮ್‌ಸಂಗ್ ಎಸ್25 ಎಡ್ಜ್ 5.8 ಮಿಲಿಮೀಟರ್ ತೆಳುವಾಗಿದೆ, ಪ್ರೊಸೆಸರು ಅತ್ಯುತ್ತಮವಾದದ್ದು. ಆದರೆ ಬ್ಯಾಟರಿ 3,900 ಮಾತ್ರ. ಎಲ್ಲ ತೆಳುವಿಗೂ ಬೆಲೆಯುಂಟು. ಅದನ್ನು ಯಾವ ಕಿಸೆಯಿಂದ ತೆತ್ತಿದ್ದಾರೆಂಬುದು ಫೋನಿನಿಂದ ಫೋನಿಗೆ ಬೇರೆಯಾಗುತ್ತದೆ. ಬ್ಯಾಟರಿಯಿಂದಲೋ ಕ್ಯಾಮೆರಾದಿಂದಲೋ ಪ್ರೊಸೆಸರಿನಿಂದಲೋ ಎಂದು ಹುಡುಕಿ ತಿಳಿಯುವುದೇ ಕೊಳ್ಳುವವನ ವಿಮರ್ಶೆ.

ಹಾಗಾದರೆ ಕೊನೆಗೆ ತೀರ್ಪೇನು? ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ತನ್ನ ‘ಔಚಿತ್ಯವಿಚಾರಚರ್ಚಾ’ದಲ್ಲಿ ಗುಣಾಲಂಕಾರಗಳಿಗೆಲ್ಲ ಜೀವವಾದದ್ದು ಔಚಿತ್ಯವೆಂದು ಪ್ರತಿಪಾದಿಸಿದ. ತನ್ನ ಸ್ಥಾನದಲ್ಲಿರುವಾಗ ಮಾತ್ರ ಗುಣ ಗುಣವಾಗುತ್ತದೆ. ಈ ಮಾತು ಕಾವ್ಯಕ್ಕೆ ಎಷ್ಟು ಸಲ್ಲುತ್ತದೆಯೋ ನಮ್ಮ ಕೈಯಲ್ಲಿರುವ ವಸ್ತುಗಳಿಗೂ ಅಷ್ಟೇ ಸಲ್ಲುತ್ತದೆ. ನನ್ನ ದಿನದ ಬಹುಭಾಗ ಕಾಲೇಜಿನಲ್ಲೋ ಮನೆಯಲ್ಲೋ ಕಳೆಯುತ್ತದೆ. ಎರಡು ಕಡೆಯೂ ಗೋಡೆಯಲ್ಲಿ ವಿದ್ಯುತ್ತಿದೆ. ನೋಯುವ ಮಣಿಕಟ್ಟಿಗೆ, ಚಾಳೀಸಿನ ಕಣ್ಣಿಗೆ, ರಾತ್ರಿಯ ಓದಿಗೆ ತೆಳ್ಳನೆಯ ಫೋನು ಉಚಿತವಾದದ್ದೇ. ಪ್ರಯಾಣದ ದಿನ ಮಾತ್ರ ಎಚ್ಚರವಿರಬೇಕು. ಅವಳದು ಬೇರೆ ಜೀವನ. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟರೆ ಸಂಜೆ ಆರಕ್ಕೆ ಸೇರುವುದು. ಮಳೆಗಾಲದಲ್ಲಿ ಅವಳ ಊರಿನಲ್ಲಿ ಎರಡು ಮೂರು ದಿನ ವಿದ್ಯುತ್ತಿಲ್ಲದಿರುವುದು ಅಪೂರ್ವವಲ್ಲ. ಅಜ್ಜಿ ಹಾಡಲು ಮನಸ್ಸು ಮಾಡುವುದು ಕೆಲಸವೆಲ್ಲ ಮುಗಿದ ರಾತ್ರಿ ಹೊತ್ತಿನಲ್ಲಿ. ಆಗ ಫೋನು ಆರಿದ್ದರೆ ಆ ಪದ ಮತ್ತೆ ಬರುತ್ತದೆಂದು ಹೇಳುವವರಾರು?

ಮರುದಿನವೇ ಅವಳನ್ನು ಕರೆದು ಕುಳ್ಳಿರಿಸಿ ಹೇಳಿದೆ: “ನಿನ್ನೆ ನಾನು ಆತುರಪಟ್ಟು ಹೇಳಿದೆ ಕಣಮ್ಮ. ನನಗೆ ಒಪ್ಪುವುದು ನಿನಗೆ ಒಪ್ಪಬೇಕಾಗಿಲ್ಲ. ಬ್ಯಾಟರಿ ದೊಡ್ಡದಿರಲಿ, ಕಾರ್ಡು ಹಾಕಲು ಬರುವಂತಿರಲಿ, ಪರದೆ ಅಂಗಡಿಯಲ್ಲೇ ಒಂದು ಕನ್ನಡ ಪುಟ ತೆರೆದು ಓದಿ ನೋಡು. ತೆಳುವೋ ದಪ್ಪವೋ ಆಮೇಲಿನ ಮಾತು. ಮತ್ತೆ, ಇದ್ದ ಹಣವನ್ನೆಲ್ಲ ಅದಕ್ಕೇ ಸುರಿಯಬೇಡ.”

ಒಂದು ತಿಂಗಳ ಮೇಲೆ ಅವಳು ಪುನಃ ಬಂದಳು. ಕೈಯಲ್ಲಿದ್ದ ಫೋನು ಎಂಟು ಮಿಲಿಮೀಟರಿಗಿಂತ ದಪ್ಪನೆಯದು; ಬೆಲೆ 17,000 ರೂಪಾಯಿಯ ಒಳಗೆ. ಉಳಿದ ಹಣದಲ್ಲಿ ಬಟ್ಟೆಗೆ ಸಿಕ್ಕಿಸುವ ಒಂದು ಮೈಕು ಕೊಂಡು, ಮಿಕ್ಕದ್ದನ್ನು ಪರೀಕ್ಷೆಯ ಶುಲ್ಕಕ್ಕೆ ಇಟ್ಟುಕೊಂಡಿದ್ದಳು. “ಸ್ವಲ್ಪ ಭಾರ ಸರ್. ಆದ್ರೆ ಮೊನ್ನೆ ಎರಡು ದಿನ ಕರೆಂಟು ಇರ್ಲಿಲ್ಲ, ಅಜ್ಜಿ ಹದಿನಾಲ್ಕು ಪದ ಹಾಡಿದ್ರು, ಆರ್ಲಿಲ್ಲ” ಎಂದಳು. ಅಧ್ಯಾಪಕರ ಕೊಠಡಿಯಲ್ಲಿ ನಾವು ನಾಲ್ಕು ಜನ ಕುಳಿತು ಒಂದು ಪದವನ್ನು ಕೇಳಿದೆವು. ಹಿಂದುಗಡೆ ಹಂಚಿನ ಮೇಲೆ ಮಳೆ ಸುರಿಯುವ ಸದ್ದಿತ್ತು. ಪದ ಮುಗಿದ ಮೇಲೆ ಅಜ್ಜಿ, “ಆಯ್ತೇನೇ? ಅದು ಹಿಡ್ಕೊಂಡ್ತಾ?” ಎಂದು ಕೇಳಿದ್ದೂ ಅದರಲ್ಲಿ ಉಳಿದಿತ್ತು.

ನನ್ನ ಫೋನು ಆಗ ಮೂಲೆಯ ಗೋಡೆಯಲ್ಲಿ ಚಾರ್ಜಿಗೆ ನಿಂತಿತ್ತು. ಸಂಜೆ ಬಸ್ಸು ಹಿಡಿದು ಊರಿಗೆ, ಅಮ್ಮನ ಬಳಿಗೆ ಹೋಗುವುದಿತ್ತು.